ರೇಡಿಯೇಟರ್ ಮುಚ್ಚಳದ ಕೆಂಪು ದಾರ

ಮಂಗಳವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಕಡ್ಡಿ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಪೆನ್ನು ಎತ್ತಿದೆ. ಬರಲಿಲ್ಲ. ಇವತ್ತಿಗೆ ಬರೀ ಕಡ್ಡಿ. ಉಳಿದದ್ದನ್ನು ಪತ್ರ ಮುಗಿಯುವ ಹೊತ್ತಿಗೆ ನೋಡೋಣ.

ಫೋನ್ ಮಾಡಬಹುದಿತ್ತಲ್ಲಮ್ಮ ಅಂತ ಕೇಳುತ್ತೀಯ. ಮಾಡುವುದಿಲ್ಲ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಆಯ್ತಮ್ಮ, ಆಯ್ತು ಬಿಡಮ್ಮ ಎಂದು ತಲೆ ಸವರುವ ಹಾಗೆ ಮಾತಾಡುತ್ತೀಯ. ಆ ಮೆತ್ತನೆಯ ದನಿಯನ್ನು ನೀನು ಎಲ್ಲಿ ಕಲಿತೆಯೋ ಗೊತ್ತಿಲ್ಲ, ನಮ್ಮ ಮನೆಯಲ್ಲಂತೂ ಅದು ಇರಲಿಲ್ಲ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ಆಡಿದ್ದನ್ನು ನಾಳೆ ನೀನು, ಹಾಗೆಲ್ಲ ನೀನು ಹೇಳಲೇ ಇಲ್ಲಮ್ಮ, ನಿಂಗೆ ಮರೆತಿದೆ ಅಂದರೆ ನನ್ನ ಕಡೆ ಯಾರೂ ನಿಲ್ಲುವುದಿಲ್ಲ. ಈಗ ಈ ಮನೆಯಲ್ಲಿ ನನ್ನ ಮಾತಿಗಿರುವ ಬೆಲೆ ಅಷ್ಟು. ಆದ್ದರಿಂದ ಕಾಗದ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದುವ ತಾಳ್ಮೆ ನಿನಗಿಲ್ಲ. ವ್ಯಾನು ಕುದಿಯುತ್ತಿದ್ದುದು ನಾನು ನೀರು ಹಾಕಲು ಮರೆತದ್ದಕ್ಕಲ್ಲ. ನೀನು ಹಾಕಿದ ವಾಟರ್ ಪಂಪು ಆ ಎಂಜಿನ್ನಿನದಲ್ಲ. ಅದು ಈಗ ನನ್ನೆದುರಿಗೆ, ಮೇಜಿನ ಮೇಲೆ, ಹಳೆ ಟವೆಲ್ಲಿನ ಮೇಲೆ ಕೂತಿದೆ. ಹೊಳೆಯುತ್ತಿದೆ, ಹೊಸ ಅಳಿಯನ ಹಾಗೆ. ಒಳ್ಳೆಯ ಪಂಪೇ, ಪಾಪ. ಬೇರೆ ಎಂಜಿನ್ನಿಗೆ.

ಈಗ ನೀನು, ಅಮ್ಮಾ, ಅದನ್ನ ಬಿಚ್ಚಿದೋರು ಯಾರು, ಗಾಡಿ ಕೀಲಿ ನನ್ನ ಹತ್ರ ಇದೆಯಲ್ಲ ಅಂತ ಕೂಗುತ್ತೀಯ. ಪಂಪು ಬಿಚ್ಚಲು ಸ್ಪ್ಯಾನರ್ ಬೇಕು, ಕೀಲಿ ಬೇಡ. ನಿಮ್ಮಪ್ಪನ ಸ್ಪ್ಯಾನರ್‌ಗಳು ಈ ಮನೆಯ ಮಂಚದ ಕೆಳಗೇ ಇವೆ. ಎಂಜಿನ್ ಹೇಗೆ ಚಾಲೂ ಮಾಡಿದೆ ಎನ್ನುವುದು ಆಮೇಲಿನ ಮಾತು. ಮನಸ್ಸಾದರೆ ಹೇಳುತ್ತೇನೆ.

ಆಸ್ಪತ್ರೆಯ ಅಂಗಳ ನಿನಗೆ ನೆನಪಿದೆಯೇ? ನನಗಿದೆ. ಬೆಟ್ಟದ ಏರಿನ ಕೊನೆಯ ತಿರುವಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ, ನಾನು ಉಸಿರು ಬಿಗಿಹಿಡಿದು ಗಾಡಿಯನ್ನು ಅಂಗಳದೊಳಕ್ಕೆ ತಂದು ನಿಲ್ಲಿಸಿದ್ದೆ. ಬಾನೆಟ್ಟಿನ ಸುತ್ತ ಆವಿ. ಡಯಾಲಿಸಿಸ್‌ಗೆಂದು ನಾನು ವ್ಯಾನಿನಲ್ಲಿ ಕರೆತರುವ ನನ್ನ ಜನ ಕಟ್ಟೆಯ ಮೇಲೆ ಕೂತಿದ್ದರು. ಟೈಲರಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಎಂದಿನಂತೆ, ನಮ್ಮ ರಕ್ತಾನೇ ಹೊರಗೆ ತೆಗೆದು ತೊಳೆದು ವಾಪಸ್ ಹಾಕ್ತಾರಂತೆ, ನಿಮ್ಮ ರೇಡಿಯೇಟರ್ ಯಾವ ಲೆಕ್ಕ, ಇಳಿಸಿ ಇದನ್ನೂ ಒಂದು ಬೆಡ್ಡಿನ ಮೇಲೆ ಮಲಗಿಸೋಣ ಅಂತ ತಮಾಷೆ ಮಾಡುತ್ತಿದ್ದರು. ನಾನೇ ನಿನಗೆ ಫೋನ್ ಮಾಡಿದ್ದು. ಮಗಳು ಮೆಕ್ಯಾನಿಕ್ಕು, ಈಗ ಬರ್ತಾಳೆ, ನೋಡ್ತಾ ಇರಿ ಅಂತ ಅವರಿಗೆಲ್ಲ ಹೇಳಿದ್ದು. ಹೇಳುವಾಗ ನನ್ನ ಕತ್ತು ಎಷ್ಟು ನೆಟ್ಟಗಿತ್ತು ಎಂದು ಮೇಷ್ಟ್ರನ್ನು ಕೇಳು.

ನೀನು ಬಂದೆ. ಎಂಜಿನ್ ಆರುವವರೆಗೆ ಕಾದೆ, ಬಟ್ಟೆ ಹಿಡಿದು ಮುಚ್ಚಳ ತೆಗೆದೆ, ಒಳಗೆ ನೋಡಿದೆ. ನೀರು ತಳ ಕಂಡಿತ್ತು. ಬೇರೆ ಯಾವ ಡ್ರೈವರನಾಗಿದ್ದರೂ ನೀನು, ಎಲ್ಲಯ್ಯಾ ಸೋರ್ತಿದೆ ಅಂತ ಕೇಳುತ್ತಿದ್ದೆ. ನನ್ನನ್ನು ಕೇಳಿದ್ದು, ಅಮ್ಮಾ, ಬೆಳಿಗ್ಗೆ ನೀರು ಹಾಕಿದ್ದು ನೆನಪಿದೆಯಾ ಅಂತ. ಅದೇ ದನಿಯಲ್ಲಿ. ಟೈಲರಮ್ಮ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು.

ಹಾಕಿದ್ದೆ ಎಂದೆ. ನೀನು ನನ್ನ ಭುಜದ ಮೇಲೆ ಕೈಯಿಟ್ಟು, ಹೋಗ್ಲಿ ಬಿಡು, ಆಗುತ್ತೆ ಅಂದೆ. ಏನು ಆಗುತ್ತೆ? ಯಾರಿಗೆ ಆಗುತ್ತೆ?

ನಿನಗೆ ಕಾಣದೆ ಹೋದದ್ದನ್ನು ಈಗ ಹೇಳುತ್ತೇನೆ. ಅದಕ್ಕೂ ಹಿಂದೆ ಗಾಡಿ ಕುದಿದಾಗಲೇ ನೀನು ನೀರಿನ ಮಾತು ಎತ್ತಿದ್ದೆ. ನಾನೂ ಯೋಚಿಸಿದೆ, ಇರಬಹುದೇನೋ ಎಂದು. ಅಂದಿನಿಂದ ದಿನಾ ಬೆಳಿಗ್ಗೆ ರೇಡಿಯೇಟರಿಗೆ ಕತ್ತಿನವರೆಗೂ ನೀರು ತುಂಬಿ, ಮುಚ್ಚಳ ಹಾಕಿ, ಅದರ ಕಿವಿಯಿಂದ ಪಕ್ಕದ ಸಣ್ಣ ನಳಿಗೆಗೆ ಒಂದು ಕೆಂಪು ದಾರ ಕಟ್ಟುತ್ತಿದ್ದೆ. ದಾರ ಟೈಲರಮ್ಮನದು. ಅವರು, ಏನ್ರೀ, ವ್ಯಾನಿಗೆ ಜಡೆ ಹಾಕೋಕೆ ಶುರು ಮಾಡಿದ್ರಾ ಅಂತ ನಕ್ಕಿದ್ದರು. ಆ ಗಂಟು ಇದ್ದರೆ ನೀರು ಹಾಕಿದ್ದೇನೆ, ಇಲ್ಲದಿದ್ದರೆ ಇಲ್ಲ. ನನ್ನನ್ನು ನಾನು ಹಿಡಿಯಲಿಕ್ಕೆ ನಾನೇ ಇಟ್ಟ ಬೋನು ಅದು. ಆ ದಿನ ಅಂಗಳದಲ್ಲಿ ನೀನು ಮುಚ್ಚಳ ತಿರುಗಿಸಿದಾಗ ದಾರ ಪಟ್ಟನೆ ಹರಿಯಿತು. ಹರಿದ ತುಂಡು ನಿನ್ನ ತೋರುಬೆರಳಿಗೆ ಅಂಟಿಕೊಂಡಿತ್ತು. ಆ ಬೆರಳನ್ನು ಬಟ್ಟೆಗೆ ಒರೆಸುತ್ತಲೇ ನೀನು ನನ್ನನ್ನು ನೆನಪಿದೆಯಾ ಎಂದು ಕೇಳಿದ್ದು.

ಆಗಲೇ ಯಾಕೆ ಹೇಳಲಿಲ್ಲ ಅನ್ನುತ್ತೀಯ. ಹೇಳಿದ್ದರೆ ಏನಾಗುತ್ತಿತ್ತು? ಅಮ್ಮ ಈಗ ಗಾಡಿಗೆ ದಾರ ಕಟ್ತಾಳೆ ನೋಡಿ ಅಂತ ಅದೂ ಒಂದು ಲಕ್ಷಣವಾಗುತ್ತಿತ್ತು.

ಆಮೇಲಿನದ್ದು ಇನ್ನೂ ಚೆನ್ನಾಗಿದೆ. ಮನೆಗೆ ಬಂದು ಬಾಗಿಲ ಪಕ್ಕದ ಮೊಳೆಯಿಂದ ನೀನು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಆಸ್ಪತ್ರೆಯಲ್ಲಿ ಗಾಡಿಗಳನ್ನು ನೋಡಿಕೊಳ್ಳುವ ಗುಮಾಸ್ತರಿಗೆ ನನ್ನ ಎದುರಿಗೇ ಫೋನ್ ಮಾಡಿ, ಅಮ್ಮನ ಕೈಲಿ ಇನ್ನು ಆಗಲ್ಲ ಸಾರ್ ಅಂದೆ. ಭಾನುವಾರ ಊಟಕ್ಕೆ ಎಲ್ಲರನ್ನೂ ಕೂರಿಸಿಕೊಂಡು, ಇದೇ ಮೇಜಿನಲ್ಲಿ, ಅಮ್ಮನಿಗೆ ಮರೆವು ಶುರುವಾಗಿದೆ, ಎಲ್ಲರೂ ಸ್ವಲ್ಪ ನೋಡ್ಕೋಬೇಕು ಅಂದೆ. ನಾನು ಅಲ್ಲೇ ಇದ್ದೆ, ನೀರಿನ ಜಗ್ಗು ಹಿಡಿದುಕೊಂಡು. ನನ್ನ ಬಗ್ಗೆ ಮಾತು ನನ್ನ ತಲೆಯ ಮೇಲಿಂದ ಆ ಕಡೆ ಈ ಕಡೆ ಹಾರಾಡಿತು, ಕೋಣೆಯೊಳಗೆ ಸಿಕ್ಕಿಕೊಂಡ ಪಾರಿವಾಳದ ಹಾಗೆ. ಅಳಿಯಂದಿರು ಮಾರನೆಯ ದಿನವೇ ವಾರದ ಹೆಸರು ಬರೆದ ಮಾತ್ರೆ ಡಬ್ಬಿ ತಂದುಕೊಟ್ಟರು. ನನಗೆ ಇರುವುದೇ ಒಂದು ಮಾತ್ರೆ. ನಿನ್ನ ಮಗಳು ಅವತ್ತಿನಿಂದ ನನ್ನೊಡನೆ ಜೋರಾಗಿ ಮಾತಾಡುತ್ತಾಳೆ, ಮರೆವು ಕಿವಿಗೆ ಬಂದಿದೆ ಎನ್ನುವ ಹಾಗೆ. ನೀನು ಮನೆ ತುಂಬ ಚೀಟಿ ಅಂಟಿಸಿದೆ. ಬಾಗಿಲಿಗೆ ಬೀಗ, ನಲ್ಲಿಗೆ ನಲ್ಲಿ, ಒಲೆಗೆ ಒಲೆ. ಕನ್ನಡಿಯೊಂದಕ್ಕೆ ಅಂಟಿಸಲಿಲ್ಲ, ಇದು ಅಮ್ಮ ಎಂದು.

ಕಡ್ಡಿಯನ್ನು ಗುಡ್ಡ ಮಾಡಬೇಡ ಅಂತ ನೀನು ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಈ ಗುಡ್ಡ ಮಾಡಿದ್ದು ಕಡ್ಡಿಯೇ.

ಅದರ ನಂತರದ ದಿನಗಳನ್ನು ನಿನಗೆ ಹೇಗೆ ಹೇಳಲಿ? ಗಾಡಿ ಶೆಡ್ಡಿನಲ್ಲಿ ನಿಂತಿತ್ತು. ನಾನು ಮನೆಯಲ್ಲಿ ನಿಂತಿದ್ದೆ. ಕೊಡ ಎತ್ತಿದರೆ ಕೇಳಿಕೊಳ್ಳುತ್ತಿದ್ದೆ, ಇದನ್ನು ತುಂಬಿದ್ದು ನಾನೇನಾ ಎಂದು. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬಂದು ಜಗ್ಗಿ ನೋಡುತ್ತಿದ್ದೆ. ಬೀಗ ಹಾಕಿಯೇ ಇರುತ್ತಿತ್ತು. ಹಾಕಿದೆ ಎಂದು ಕಂಡರೂ ನೆಮ್ಮದಿ ಇಲ್ಲ; ಹಾಕಿದ್ದು ನೆನಪಿದೆಯೋ, ಈಗ ನೋಡಿದ್ದನ್ನು ನೆನಪು ಅಂದುಕೊಳ್ಳುತ್ತಿದ್ದೇನೋ? ನನ್ನ ತಲೆಯನ್ನು ನಾನೇ ಬೇರೆಯವರ ಗಾಡಿಯ ಹಾಗೆ ಓಡಿಸುತ್ತಿದ್ದೆ, ಯಾವ ಗೇರು ಎಲ್ಲಿದೆ ಎಂದು ತಡವರಿಸುತ್ತ. ಅಷ್ಟು ವರ್ಷ ಬೆಟ್ಟ ಹತ್ತಿಸಿದವಳು ನಾನು, ಕಡ್ಡಿ. ಹೆದರಿದ್ದು ಅದೇ ಮೊದಲು.

ಅದಕ್ಕೇ ಕೋಪ. ಪಂಪಿಗಲ್ಲ. ತಪ್ಪು ಪಂಪು ಯಾರ ಕೈಯಲ್ಲಾದರೂ ಬರುತ್ತದೆ.

ಮೇಷ್ಟ್ರು ಈಗ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗುತ್ತಾರೆ. ವಾಪಸ್ ಬರುವಾಗ ಅವರಿಗೆ ನಿಲ್ಲಲು ಶಕ್ತಿ ಇರುವುದಿಲ್ಲ, ನಿನಗೂ ಗೊತ್ತು. ಹೋದ ವಾರ ನಿಲ್ದಾಣದಲ್ಲಿ ಸಿಕ್ಕರು. ಕಂಬಿ ಹಿಡಿದು ಕೂತಿದ್ದರು. ಕ್ಷಮಿಸಿ ಮೇಷ್ಟ್ರೇ ಎಂದೆ. ಅವರು, ಅಯ್ಯೋ ಬಿಡಿ, ನಿಮ್ಮ ವ್ಯಾನಿಗಿಂತ ಬಸ್ಸೇ ತಣ್ಣಗಿದೆ ಅಂದರು. ಆಮೇಲೆ ಅದೂ ಇದೂ ಮಾತಾಡುತ್ತ ಡಯಾಲಿಸಿಸ್ ಮೆಷಿನ್ನಿನ ವಿಷಯ ಬಂತು. ಅದರಲ್ಲಿ ರಕ್ತ ತಳ್ಳುವ ಪಂಪಿನ ಪಕ್ಕದಲ್ಲೇ ಬಾಣದ ಗುರುತು ಇದೆಯಂತೆ. ಎಷ್ಟು ಸಲ ಮಾಡಿದ ಕೆಲಸವಾದರೂ ನರ್ಸು ಶುರು ಮಾಡುವ ಮುಂಚೆ ಆ ಬಾಣ ನೋಡಿಯೇ ನೋಡುತ್ತಾಳಂತೆ. ಯಾಕಮ್ಮಾ ಅಂತ ಇವರು ಕೇಳಿದರೆ, ತಿರುಗಿದರೆ ಸಾಲದು ಮೇಷ್ಟ್ರೇ, ಯಾವ ಕಡೆ ತಿರುಗುತ್ತೆ ಅಂತಾನೂ ನೋಡ್ಬೇಕು ಅಂದಳಂತೆ. ಅವರು ಅದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸು ಬಂತು, ಅವರನ್ನು ಹತ್ತಿಸಿದೆ, ನಾನು ಹತ್ತಲಿಲ್ಲ. ನಡೆದುಕೊಂಡೇ ಮನೆಗೆ ಬಂದೆ.

ಗಾಡಿ ಯಾವಾಗ ಕುದಿಯಿತು ಎಂದು ಯೋಚಿಸುತ್ತ ಬಂದೆ. ಪೇಟೆಯೊಳಗೆ ಎಂದೂ ಇಲ್ಲ. ನಿಂತಲ್ಲಿ ಎಂದೂ ಇಲ್ಲ. ಭಾರ ಹೊತ್ತು ಏರು ಹತ್ತಿದಾಗ ಮಾತ್ರ. ಯಾವಾಗಿನಿಂದ? ಹಳೆ ಪಂಪಿನ ಸೀಲು ಸೋರುತ್ತಿದೆ ಎಂದು ನೀನು ಹೊಸದು ಹಾಕಿದಾಗಿನಿಂದ. ಆಮೇಲೆ ನೀನು ಏನೇನು ಬದಲಾಯಿಸಿದೆ! ಥರ್ಮೋಸ್ಟಾಟ್ ಬದಲಾಯಿಸಿದೆ. ಮುಚ್ಚಳ, ರಬ್ಬರ್ ಹೋಸು ಬದಲಾಯಿಸಿದೆ. ರೇಡಿಯೇಟರ್ ಇಳಿಸಿ ತೊಳೆದೆ. ಕೊನೆಗೆ ಡ್ರೈವರನ್ನೂ ಬದಲಾಯಿಸಿದೆ. ಪಂಪೊಂದನ್ನು ಮುಟ್ಟಲಿಲ್ಲ, ಯಾಕೆಂದರೆ ಅದು ಹೊಸದು, ಅದನ್ನು ಹಾಕಿದ್ದು ನೀನು.

ಮತ್ತೆ ಆ ಖಾಲಿ ರೇಡಿಯೇಟರ್. ನೀರಿಲ್ಲದೆ ಕುದಿಯಿತು ಎಂದು ನೀನು ಓದಿದೆ. ಕುದಿದು ನೀರು ಹೋಯಿತು ಎಂದು ಓದಬೇಕಿತ್ತು. ಉಕ್ಕಿದ ಪಾತ್ರೆಯಲ್ಲಿ ಹಾಲು ಕಡಿಮೆ ಇದೆ ಎಂದು ಹಾಲಿನವಳ ಮೇಲೆ ಯಾರಾದರೂ ಜಗಳಕ್ಕೆ ಹೋಗುತ್ತಾರೆಯೇ? ಹಾಲಿನ ಮಾತು ಬಂತು ಅಂತ ಒಲೆಯ ಮೇಲಿನ ಚೀಟಿಯ ಕಡೆ ಹೊರಳಬೇಡ. ಅದು ಬೇರೆ ವಿಷಯ.

ಶೆಡ್ಡಿಗೆ ಹೋದೆ. ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟೆ. ಮೇಲಿನ ಹೋಸು ಮುಟ್ಟಲಾಗದಷ್ಟು ಸುಡುತ್ತಿತ್ತು. ಕೆಳಗಿನದು ತಣ್ಣಗೆ, ಹಾವಿನ ಮೈ ಹಾಗೆ. ರೇಡಿಯೇಟರ್ ಕಟ್ಟಿಕೊಂಡಿದ್ದರೂ ಹಾಗಾಗುತ್ತದೆ, ಆದರೆ ಅದನ್ನು ನೀನೇ ತೊಳೆದಿದ್ದೆ, ನಿನ್ನ ಆ ಕೆಲಸದ ಮೇಲೆ ನನಗೆ ನಂಬಿಕೆ ಇದೆ. ಬಟ್ಟೆ ಸುತ್ತಿ ಮೇಲಿನ ಹೋಸು ಹಿಂಡಿಕೊಂಡು, ಆಕ್ಸಿಲರೇಟರಿನ ತಂತಿ ಎಳೆದೆ. ಎಂಜಿನ್ ಕೂಗಿತು. ಹೋಸಿನೊಳಗೆ ನೀರು ನುಗ್ಗಿ ಕೈಯನ್ನು ತಳ್ಳಬೇಕಿತ್ತು. ಯಾರೋ ನಿದ್ದೆಯಲ್ಲಿ ಮಗ್ಗುಲಾದ ಹಾಗಾಯಿತು, ಅಷ್ಟೇ. ಪಂಪು ತಿರುಗುತ್ತಿದೆ, ನೀರು ಹೋಗುತ್ತಿಲ್ಲ.

ಬಿಚ್ಚಿದೆ. ಬೆನ್ನು ನೋವಾಯಿತು, ಮೊಣಕೈ ತರಚಿತು, ಒಂದು ಬೋಲ್ಟು ನಿನ್ನ ಬಿಗಿತಕ್ಕೆ ಮಣಿಯಲೇ ಇಲ್ಲ. ಅದನ್ನು ಬೈದ ಬೈಗುಳದಲ್ಲಿ ಅರ್ಧ ನಿನ್ನದು.

ಹಳೆ ಪಂಪು ಎಲ್ಲಿತ್ತು ಗೊತ್ತೇ? ನೀನು ಗುಜರಿಗೆ ಹಾಕಲು ಇಟ್ಟಿದ್ದನ್ನು ನಾನು ಎತ್ತಿಕೊಂಡು ಬಂದಿದ್ದೆ. ಅಡುಗೆಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಅಡ್ಡ ಇಟ್ಟಿದ್ದೆ. ನೀನು ಅಂಗಳದಿಂದ ಬಂದು ಕೀಲಿ ಕಿತ್ತುಕೊಂಡ ದಿನ ಅದನ್ನು ಎಡವಿಯೇ ಒಳಗೆ ಬಂದದ್ದು. ಥೂ, ಇದೊಂದು ಇಲ್ಲಿ ಅಂತ ಕಾಲಿನಿಂದ ಸರಿಸಿದೆ.

ಎರಡನ್ನೂ ಮೇಜಿನ ಮೇಲಿಟ್ಟೆ. ಮೊದಲು ನಿಮ್ಮಪ್ಪ ಮಾಡುತ್ತಿದ್ದ ಹಾಗೆ ಮುಖಕ್ಕೆ ಮುಖ ಕೊಟ್ಟೆ. ಸರಿಯಾಗಿ ಕೂತವು. ಬೋಲ್ಟಿನ ತೂತುಗಳು ಎರಡೂ ಕಡೆ ಸಮ, ಹೇಗೆ ಇಟ್ಟರೂ ಹೊಂದುತ್ತವೆ. ನಡುವಿನ ಸಂದಿನಲ್ಲಿ ಕಣ್ಣಿಟ್ಟರೆ ಒಳಗಿನ ರೆಕ್ಕೆಗಳೂ ಒಂದರ ಮೇಲೊಂದು, ಬಾಗಿದ ಕಡೆಗೇ ಬಾಗಿವೆ. ಜೋಡಿಸಿದ ಎರಡು ಅಂಗೈಗಳ ಹಾಗೆ. ಹಾಗಾದರೆ ಪಂಪು ಸರಿಯೇ ಇದೆ, ನೀನು ಹೇಳಿದ್ದೇ ನಿಜ ಎಂದುಕೊಂಡೆ. ಕುರ್ಚಿಯಲ್ಲಿ ಕೂತುಬಿಟ್ಟೆ. ಬಾಗಿಲ ಹತ್ತಿರ ನನ್ನ ಚಪ್ಪಲಿಗಳು ಇದ್ದವು. ಮಳೆಗೆ ನೆನೆದವೆಂದು ಬೆಳಿಗ್ಗೆ ನಾನೇ ತಳಕ್ಕೆ ತಳ ಒತ್ತಿ ನೀರು ಹಿಂಡಿ ಗೋಡೆಗೆ ಒರಗಿಸಿದ್ದೆ. ಎಷ್ಟೋ ಹೊತ್ತು ಅವನ್ನೇ ನೋಡಿದೆ.

ಎಡಗಾಲಿನದು, ಬಲಗಾಲಿನದು. ತಳಕ್ಕೆ ತಳ ಇಟ್ಟರೆ ಅಂಚಿಗೆ ಅಂಚು ಹೊಂದುತ್ತವೆ. ಹೊಂದುವುದೇ ಅವು ಬೇರೆ ಬೇರೆ ಕಾಲಿನವು ಎನ್ನುವುದಕ್ಕೆ. ಎರಡೂ ಎಡಗಾಲಿನವಾಗಿದ್ದರೆ ಹೊಂದುತ್ತಿರಲಿಲ್ಲ.

ಎದ್ದು ಬಂದು ಪಂಪುಗಳನ್ನು ಪಕ್ಕ ಪಕ್ಕ ಮಲಗಿಸಿದೆ, ಎರಡರ ಮುಖವೂ ಮೇಲೆ. ಹಳೆಯದರ ರೆಕ್ಕೆ ಈ ಕಡೆ ಬಾಗಿದೆ, ಹೊಸದರ ರೆಕ್ಕೆ ಆ ಕಡೆ. ಚಿಕ್ಕ ಮಗುವಿಗೂ ಕಾಣುತ್ತದೆ.

ನೀನೂ ಮುಖಕ್ಕೆ ಮುಖ ಕೊಟ್ಟೇ ನೋಡಿದ್ದೆ, ನನಗೆ ಗೊತ್ತು. ನಾನು ಅಂದು ನಿನ್ನ ಗ್ಯಾರೇಜಿನ ಸ್ಟೂಲಿನ ಮೇಲೆ ಟೀ ಕುಡಿಯುತ್ತ ಕೂತಿದ್ದೆ. ನೀನು ಎರಡನ್ನೂ ಜೋಡಿಸಿ, ಕಣ್ಣು ಮುಚ್ಚಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿದೆ. ನಿಮ್ಮಪ್ಪನೇ ಎದ್ದು ಬಂದ ಹಾಗಿತ್ತು. ನನ್ನ ಟೀ ಆರಿತು. ಆದರೆ ಕಡ್ಡಿ, ಅವರು ಹಾಗೆ ಮಾಡುತ್ತಿದ್ದುದು ಎರಡು ಭಾಗಗಳ ಸಂದಿಗೆ ಇಡುವ ಪ್ಯಾಕಿಂಗ್ ಕಾಗದಕ್ಕೆ, ಮುಚ್ಚಳದ ತಗಡಿಗೆ, ಚಪ್ಪಟೆ ಸಾಮಾನಿಗೆ. ಮುಖಕ್ಕೆ ಮುಖ ಕೊಡು, ಸುಳ್ಳು ತಾನಾಗೇ ಹೊರಗೆ ಬರುತ್ತೆ ಅನ್ನುತ್ತಿದ್ದರು. ಕಾಗದಕ್ಕೆ ಎಡ ಬಲ ಇಲ್ಲ. ತಿರುಗುವ ಸಾಮಾನನ್ನು ಅವರು ಎಂದೂ ಹಾಗೆ ನೋಡಲಿಲ್ಲ. ಅದನ್ನು ಪಕ್ಕ ಪಕ್ಕ ಇಟ್ಟು, ಬೆರಳಿನಿಂದ ತಿರುಗಿಸಿ, ರೆಕ್ಕೆಯ ಹೊಟ್ಟೆ ಯಾವ ಕಡೆ, ಬೆನ್ನು ಯಾವ ಕಡೆ ಎಂದು ನೋಡುತ್ತಿದ್ದರು. ಅವರು ಹೋದಾಗ ನೀನು ಇನ್ನೂ ಶಾಲೆಯ ಚೀಲ ಹೊರುತ್ತಿದ್ದೆ. ಅವರ ಕೈ ನೋಡಿ ಕಲಿತೆ. ಯಾವುದಕ್ಕೆ ಯಾವ ಕೈ ಎಂದು ಕೇಳಲು ಅವರಿರಲಿಲ್ಲ. ನಾನಿದ್ದೆ. ನೀನು ಕೇಳಲಿಲ್ಲ.

ಸಾಮಾನಿನಂಗಡಿಗೆ ಹೋಗಿ ಎರಡನ್ನೂ ಕೌಂಟರಿನ ಮೇಲಿಟ್ಟೆ. ಅಂಗಡಿಯವನು ಹಣೆ ಚಚ್ಚಿಕೊಂಡ. ನಮ್ಮದು ಹಳೆ ಎಂಜಿನ್ನು, ಅದರಲ್ಲಿ ಬೆಲ್ಟು ತನ್ನ ಒಳಮೈಯಿಂದ ಪಂಪನ್ನು ತಿರುಗಿಸುತ್ತದೆ. ಅದೇ ಎಂಜಿನ್ನಿನ ಆಮೇಲಿನ ಮಾದರಿಗೆ ಒಂದೇ ಉದ್ದ ಬೆಲ್ಟು. ಸುತ್ತಿ ಬಳಸಿ ಬಂದು ಬೆನ್ನಿನಿಂದ ತಿರುಗಿಸುತ್ತದೆ. ಅಲ್ಲಿಗೆ ಪಂಪು ಉಲ್ಟಾ ತಿರುಗಬೇಕು. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಬೆಲ್ಟು ಕೂರೋ ಪುಲ್ಲಿ ನೋಡಿದ್ರೆ ಗೊತ್ತಾಗ್ತಿತ್ತಲ್ಲಮ್ಮ, ಹಾಕಿದೋರು ಯಾರು ಅಂತ ಕೇಳಿದ. ಹಳೆ ಪಂಪಿನ ಪುಲ್ಲಿಯನ್ನೇ ತೆಗೆದು ಇದಕ್ಕೆ ಹಾಕಿದ್ದಾರೆ ಎಂದೆ. ಯಾರು ಎನ್ನುವುದಕ್ಕೆ ಉತ್ತರ ಕೊಡಲಿಲ್ಲ. ಅವನ ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು.

ನಾನು ಕುರುಡಿಯಲ್ಲ. ನೀನು ಬಾನೆಟ್ಟಿನೊಳಗೆ ಬಗ್ಗಿದಾಗ ಹಿಂದೆ ಕೈಕಟ್ಟಿ ನಿಲ್ಲುವ ಗಂಡಸರನ್ನು ನಾನೂ ನೋಡಿದ್ದೇನೆ. ಅವರಲ್ಲಿ ಒಬ್ಬ ತಪ್ಪು ಪಂಪು ಹಾಕಿದರೆ ಅದು ತಪ್ಪು. ನೀನು ಹಾಕಿದರೆ, ನಾನು ಮೊದಲೇ ಹೇಳಿರಲಿಲ್ವಾ ಎನ್ನುವುದಕ್ಕೆ ಪುರಾವೆ. ಆ ತಕ್ಕಡಿಯ ನೋವು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನನ್ನನ್ನು ಅದರಲ್ಲೇ ತೂಗಿದೆ. ಬೇರೆಯವರ ರೇಡಿಯೇಟರ್ ಖಾಲಿಯಾದರೆ ಹೋಸು ಸೋರಿದೆ. ವಯಸ್ಸಾದ ಹೆಂಗಸಿನ ರೇಡಿಯೇಟರ್ ಖಾಲಿಯಾದರೆ ತಲೆ ಸೋರಿದೆ.

ಅದೇ ಅಂಗಡಿಯಿಂದ ಸರಿಯಾದ ಪಂಪು ತಂದು ಹಾಕಿದ್ದೇನೆ. ಬೀದಿಯ ತುದಿಯವರೆಗೆ ಹೋಗಿ ಬಂದೆ. ನಾಳೆ ಬೆಟ್ಟ ಹತ್ತಿಸುತ್ತೇನೆ, ಒಬ್ಬಳೇ, ಹಿಂದಿನ ಸೀಟುಗಳ ಮೇಲೆ ನೀರಿನ ಕ್ಯಾನುಗಳನ್ನು ತುಂಬಿಕೊಂಡು, ಭಾರಕ್ಕೆ.

ನನಗೆ ಬೇಕಾದ್ದು ಇಷ್ಟು. ಈ ಭಾನುವಾರ ಬಾ. ಅದೇ ಮೇಜು, ಅದೇ ಜನ. ನನ್ನ ಕೈಯಲ್ಲಿ ಜಗ್ಗು ಇರುವುದಿಲ್ಲ, ನಾನೂ ಕೂತಿರುತ್ತೇನೆ. ಅಮ್ಮ ನೀರು ಮರೆತಿರಲಿಲ್ಲ, ನಾನು ಹಾಕಿದ ಪಂಪು ತಪ್ಪಾಗಿತ್ತು ಅಂತ ಹೇಳು. ಮೆತ್ತನೆಯ ದನಿಯಲ್ಲಿ ಬೇಡ, ಗ್ಯಾರೇಜಿನಲ್ಲಿ ಮಾತಾಡುವ ದನಿಯಲ್ಲಿ. ಗುಮಾಸ್ತರಿಗೂ ಫೋನ್ ಮಾಡಿ ಅದನ್ನೇ ಹೇಳು. ಬೇರೆ ತಾಯಂದಿರು ಇದನ್ನು ನುಂಗಿಕೊಂಡು ಮಕ್ಕಳ ಹೆಸರು ಕಾಪಾಡುತ್ತಿದ್ದರೇನೋ. ನಾನು ನುಂಗುವುದಿಲ್ಲ. ನಿನ್ನ ಹೆಸರು ನಿನ್ನ ಗ್ಯಾರೇಜಿನ ಬೋರ್ಡಿನ ಮೇಲಿದೆ. ನನ್ನದು ನನ್ನ ತಲೆಯೊಳಗೆ ಮಾತ್ರ ಇರುವುದು.

ಕೀಲಿ ತಂದು ಅದೇ ಮೊಳೆಗೆ ನೇತುಹಾಕು.

ಪ್ರೀತಿ ಇನ್ನೂ ಬಂದಿಲ್ಲ. ಬಂದರೆ ತಿಳಿಸುತ್ತೇನೆ.

ನಿನ್ನ ಅಮ್ಮ,
ಇನ್ನೂ ಈ ವ್ಯಾನಿನ ಡ್ರೈವರ್

ತಾ.ಕ.
ಬುಧವಾರ, ಸಂಜೆ

ಪತ್ರವನ್ನು ನಿನ್ನೆಯೇ ಮಡಿಸಿಟ್ಟಿದ್ದೆ. ಇವತ್ತು ಬೆಳಿಗ್ಗೆ ಹೇಳಿದ ಹಾಗೆ ಬೆಟ್ಟ ಹತ್ತಿಸಿದೆ. ಮುಳ್ಳು ನಡುಮಧ್ಯದಲ್ಲಿ ನಿಂತಿದ್ದು ಆಸ್ಪತ್ರೆಯ ಅಂಗಳದವರೆಗೆ ಅಲುಗಲಿಲ್ಲ. ಅಲ್ಲಿ ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಒಬ್ಬಳೇ ನಕ್ಕೆ.

ವಾಪಸ್ ಬರುವಾಗ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಯಾರೂ ಗೇಟು ತೆಗೆಯಲಿಲ್ಲ. ಮತ್ತೆ ಹೊಡೆದೆ. ಏನು ಮಾಡ್ತಿದ್ದಾರೆ ಇವರು, ಮಗು ಮಲಗಿದೆಯೋ ಏನೋ ಎಂದುಕೊಂಡೆ. ಒಳಗಿನಿಂದ ಗುರುತಿಲ್ಲದ ಹೆಂಗಸೊಬ್ಬಳು ಬಂದು, ಯಾರು ಬೇಕಾಗಿತ್ತಮ್ಮ ಎಂದಳು. ಅದು ನಿಮ್ಮಪ್ಪ ಇದ್ದಾಗ ನಾವಿದ್ದ ಮನೆ, ಕಡ್ಡಿ. ನೀಲಿ ಗೇಟಿನದು. ಈಗ ಅದಕ್ಕೆ ಹಸಿರು ಬಣ್ಣ ಹೊಡೆದಿದ್ದಾರೆ. ಅದೂ ಕಣ್ಣಿಗೆ ಬಿದ್ದಿರಲಿಲ್ಲ. ದಾರಿ ತಪ್ಪಿತು ಅಂದೆ. ಈಗಿನ ಮನೆಗೆ ಹೇಗೆ ಹೋಗುವುದು ಎಂದು ಅವಳನ್ನೇ ಕೇಳಿಕೊಂಡು ಬಂದೆ. ಇದು ಮೊದಲ ಸಲವಲ್ಲ. ಒಲೆಯ ಮೇಲೆ ಹಾಲಿನ ಪಾತ್ರೆ ಮರೆತು ಸುಟ್ಟು ಕರಕು ಮಾಡಿದ್ದೂ ನಾನೇ.

ಪತ್ರವನ್ನು ಹರಿದುಹಾಕೋಣ ಎಂದುಕೊಂಡೆ. ಮೊದಲಿನಿಂದ ಓದಿದೆ. ನನಗೆ ಮರೆವಿಲ್ಲ ಎಂದು ಎಲ್ಲೂ ಬರೆದಿಲ್ಲ, ನೀನೂ ಹುಡುಕಿ ನೋಡು. ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೂ ಸಿಟ್ಟು ಬಂದಿದೆ. ಮಾಡದ ಮರೆವನ್ನು ನೀನು ನನ್ನ ತಲೆಗೆ ಕಟ್ಟಿದೆ, ಅದನ್ನು ಸುಳ್ಳು ಮಾಡುವ ಹಟದಲ್ಲಿ ನಿಜವಾದದ್ದನ್ನು ನಾನು ಯಾರಿಗೂ ಹೇಳಲಾಗಲಿಲ್ಲ. ನನ್ನ ಮುಳ್ಳನ್ನೇ ನೀನು ಕೆಡಿಸಿಬಿಟ್ಟಿದ್ದೆ.

ಡಾಕ್ಟರ ಹತ್ತಿರ ಬರುತ್ತೇನೆ. ಆದರೆ ಅವರಿಗೆ ನೀರಿನ ಕಥೆ ಹೇಳಕೂಡದು. ಗೇಟಿನದು ಹೇಳು, ಹಾಲಿನದು ಹೇಳು. ತಪ್ಪು ಲಕ್ಷಣ ಹೇಳಿದರೆ ಅವರೂ ತಪ್ಪು ಪಂಪು ಹಾಕುತ್ತಾರೆ. ಭಾನುವಾರದ ಮಾತು ಭಾನುವಾರ ಆಗಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಗುಮಾಸ್ತರಿಗೆ ಬೇರೆ ಡ್ರೈವರನ್ನು ನೋಡಲು ಹೇಳು, ಮೇಷ್ಟ್ರು ಬಸ್ಸಿನಲ್ಲಿ ಹೋಗುವುದು ಬೇಡ. ಏರು ಪರಿಚಯವಾಗುವವರೆಗೆ ನಾನು ಅವನ ಪಕ್ಕದಲ್ಲಿ ಕೂರುತ್ತೇನೆ.

ಈ ಲಕೋಟೆಯಲ್ಲಿ ಗಟ್ಟಿಯಾಗಿ ಸಿಗುವುದು ವ್ಯಾನಿನ ಜೋಡಿ ಕೀಲಿ. ನಿಮ್ಮಪ್ಪನ ಸ್ಪ್ಯಾನರ್ ಪೆಟ್ಟಿಗೆಯಲ್ಲಿತ್ತು. ಮೊಳೆಯಿಂದ ನೀನು ಕಿತ್ತುಕೊಂಡದ್ದು ಬೇರೆ, ಇದು ನಾನು ಕೊಟ್ಟದ್ದು. ಎರಡನ್ನೂ ಒಂದೇ ಉಂಗುರಕ್ಕೆ ಹಾಕಬೇಡ.

ಗಾಡಿ ಶೆಡ್ಡಿನಲ್ಲಿದೆ. ನೀರು ಕತ್ತಿನವರೆಗೂ ಇದೆ. ದಾರ ಕಟ್ಟಿದ್ದೇನೆ. ಮುಚ್ಚಳ ತಿರುಗಿಸುವ ಮುಂಚೆ, ಈ ಸಲ, ನೋಡು.